ಮಕ್ಕಳಿಗೆ ದಾಟದ ಭಾನುವಾರ

1904ರ ಚಳಿಗಾಲದಲ್ಲಿ ದಕ್ಷಿಣ ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳ ಪ್ರಾರ್ಥನಾ ಮಂದಿರಗಳಲ್ಲಿ ನಡುರಾತ್ರಿ ಕಳೆದರೂ ಹಾಡು ನಿಲ್ಲುತ್ತಿರಲಿಲ್ಲ. ಎಳೆಯ ವಯಸ್ಸಿನಿಂದಲೇ ಗಣಿಯಲ್ಲಿ ದುಡಿದಿದ್ದ ಇವಾನ್ ರಾಬರ್ಟ್ಸ್ ಎಂಬ ಇಪ್ಪತ್ತಾರರ ಯುವಕ ಊರಿಂದ ಊರಿಗೆ ಹೋಗಿ ಕೂಟ ನಡೆಸುತ್ತಿದ್ದ. ಪಾಳಿ ಮುಗಿಸಿದ ಕಾರ್ಮಿಕರು ಬಂದು ಬೆಂಚು ತುಂಬುತ್ತಿದ್ದರು. ಆ ಒಂದೆರಡು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಜನ ಹೊಸದಾಗಿ ಸಭೆಗಳಿಗೆ ಸೇರಿದರೆಂದು ಅಂದಾಜು. ಬೇತೇಲ್, ಎಬೆನೆಜರ್, ಸಾಲೇಮ್, ಹೋರೇಬ್ ಎಂದು ಬೈಬಲಿನ ಹೆಸರು ಹೊತ್ತ ಮಂದಿರಗಳು ಕಣಿವೆಯ ಪ್ರತಿ ಊರಿನಲ್ಲೂ ಇದ್ದವು.

2021ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನಗಣತಿ ನಡೆದಾಗ, ‘ಯಾವ ಧರ್ಮವೂ ಇಲ್ಲ’ ಎಂದು ಗುರುತು ಹಾಕಿದವರ ಪ್ರಮಾಣ ಅತಿ ಹೆಚ್ಚು ಕಂಡದ್ದು ಇದೇ ಕಣಿವೆಗಳಲ್ಲಿ. ಕೇರ್ಫಿಲಿ, ಬ್ಲೈನೌ ಗ್ವೆಂಟ್, ರೊಂಡಾ ಕನಾನ್ ತಾಫ್ ಈ ಮೂರೂ ಕಡೆ ಶೇ. 56 ದಾಟಿತ್ತು. ಅದೇ ಗಣತಿಯಲ್ಲಿ ಲಂಡನ್ನಿನ ಪ್ರಮಾಣ ಶೇ. 27 ಮಾತ್ರ. ವಿಶ್ವವಿದ್ಯಾಲಯ, ವಿಜ್ಞಾನ ಸಂಸ್ಥೆ, ಪುಸ್ತಕ ವ್ಯಾಪಾರ ಎಲ್ಲ ತುಂಬಿದ ರಾಜಧಾನಿಗಿಂತ, ಗಣಿ ಮುಚ್ಚಿ ಕೆಲಸ ಕಳೆದುಕೊಂಡ ಸಣ್ಣ ಊರುಗಳೇ ಧರ್ಮದಿಂದ ಹೆಚ್ಚು ದೂರ ಸರಿದಿವೆ. ಪಶ್ಚಿಮದಲ್ಲಿ ಕ್ರೈಸ್ತ ನಂಬಿಕೆ ಯಾಕೆ ಕುಸಿಯಿತು ಎಂದು ಕೇಳುವವರು ಮೊದಲು ಈ ಒಂದು ಸಂಗತಿಗೆ ಉತ್ತರ ಹೇಳಬೇಕು.

1904ರ ಆ ಅಲೆ ನಮ್ಮ ದೇಶವನ್ನೂ ಮುಟ್ಟಿತ್ತು. ವೇಲ್ಸ್‌ನ ಮಿಷನರಿಗಳು 1841ರಿಂದಲೇ ಖಾಸಿ ಬೆಟ್ಟಗಳಲ್ಲಿದ್ದರು. ತಾಯ್ನಾಡಿನ ಸುದ್ದಿ ಕೇಳಿ 1905ರಲ್ಲಿ ಅಲ್ಲಿ, ಮರುವರ್ಷ ಮಿಜೋ ಬೆಟ್ಟಗಳಲ್ಲಿ ಅಂಥದೇ ಜಾಗೃತಿ ಹರಡಿತು. 2011ರ ಗಣತಿಯಂತೆ ಮಿಜೋರಾಂನಲ್ಲಿ ಶೇ. 87 ಜನ ಕ್ರೈಸ್ತರು. ಈಗ ಮಿಜೋ ಸಭೆಯೇ ತನ್ನ ಸೇವಕರನ್ನು ವೇಲ್ಸ್‌ಗೆ ಕಳುಹಿಸುತ್ತಿದೆ.

ಒಟ್ಟು ಚಿತ್ರ ಹೀಗಿದೆ. ಇಂಗ್ಲೆಂಡ್-ವೇಲ್ಸ್‌ನಲ್ಲಿ ತಮ್ಮನ್ನು ಕ್ರೈಸ್ತರೆಂದು ಕರೆದುಕೊಂಡವರು 2001ರಲ್ಲಿ ಶೇ. 71.7, 2011ರಲ್ಲಿ ಶೇ. 59.3, 2021ರಲ್ಲಿ ಶೇ. 46.2. ಜನಗಣತಿಯಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ಸ್ಕಾಟ್ಲೆಂಡ್‌ನ 2022ರ ಗಣತಿಯಲ್ಲಿ ಧರ್ಮವಿಲ್ಲ ಎಂದವರೇ ಬಹುಸಂಖ್ಯಾತರು, ಶೇ. 51. ಇದು ಬರೀ ಹೆಸರಿನ ಲೆಕ್ಕ. ಚರ್ಚಿಗೆ ಕಾಲಿಡುವವರ ಲೆಕ್ಕ ಇದಕ್ಕಿಂತ ತೀರಾ ಚಿಕ್ಕದು. ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ 1968ರ ಒಂದು ಸಾಮಾನ್ಯ ಭಾನುವಾರ ಸುಮಾರು 16 ಲಕ್ಷ ಜನ ಸೇರುತ್ತಿದ್ದರು. ಈಗ ಆ ಸಂಖ್ಯೆ 7 ಲಕ್ಷಕ್ಕಿಂತ ಕಡಿಮೆ. ಅದೇ ಸಭೆಯ ಸುಪರ್ದಿಯಲ್ಲಿರುವ ಕಟ್ಟಡಗಳು ಸುಮಾರು 16 ಸಾವಿರ.

ಹೆಚ್ಚಿನವರ ಬಾಯಲ್ಲಿ ಸಿದ್ಧವಾಗಿರುವ ವಿವರಣೆ ಒಂದೇ: ವಿಜ್ಞಾನ ಬಂತು, ದೇವರು ಹೋದ. ಡಾರ್ವಿನ್ನನ ಪುಸ್ತಕ 1859ರಲ್ಲಿ ಬಂದಾಗ ಗದ್ದಲವಾದದ್ದು ನಿಜ, ವಿದ್ಯಾವಂತರ ಒಂದು ವರ್ಗ ನಂಬಿಕೆ ಕಳೆದುಕೊಂಡು ನರಳಿದ್ದೂ ನಿಜ. ಆದರೆ 1882ರಲ್ಲಿ ಡಾರ್ವಿನ್ ತೀರಿಕೊಂಡಾಗ ಅವನನ್ನು ಸಮಾಧಿ ಮಾಡಿದ್ದು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ. ಆ ಕಾಲದ ಇಂಗ್ಲೆಂಡಿನ ಹೆಸರಾಂತ ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಸಂಸತ್ತಿಗೆ ಗೆದ್ದರೂ, ಪ್ರಮಾಣವಚನದ ತಕರಾರಿನಿಂದ ಆಸನದಲ್ಲಿ ಕೂರಲು 1886ರವರೆಗೆ ಹೋರಾಡಬೇಕಾಯಿತು. ಭಾರತದ ಪರ ದನಿ ಎತ್ತಿದ್ದ ಈತನ ಅಂತ್ಯಸಂಸ್ಕಾರಕ್ಕೆ 1891ರಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧಿಯೂ ಹೋಗಿದ್ದರು. ಬ್ರಾಡ್ಲಾ ಭಾಷಣ ಕೇಳಲು ಸಾವಿರಾರು ಜನ ಸೇರುತ್ತಿದ್ದರು, ಆದರೆ ಅದರಿಂದ ಇಂಗ್ಲೆಂಡಿನ ಚರ್ಚುಗಳೇನೂ ಬರಿದಾಗಲಿಲ್ಲ.

ಹಾಗೆಂದು ಅದಕ್ಕೂ ಮೊದಲು ಎಲ್ಲರೂ ಭಕ್ತರಾಗಿದ್ದರು ಎಂದುಕೊಳ್ಳುವುದೂ ತಪ್ಪು. 1851ರ ಮಾರ್ಚ್ 30ರ ಭಾನುವಾರ ಬ್ರಿಟಿಷ್ ಸರ್ಕಾರ ಚರ್ಚುಗಳ ಹಾಜರಾತಿ ಎಣಿಸಿತು. ಬರಲು ಸಾಧ್ಯವಿದ್ದೂ ಬಾರದವರು 50 ಲಕ್ಷಕ್ಕೂ ಹೆಚ್ಚು ಎಂದು ಅದರ ವರದಿ ಬರೆದ ಹೊರೇಸ್ ಮನ್ ಲೆಕ್ಕ ಹಾಕಿದ. ಇಂಗ್ಲೆಂಡ್-ವೇಲ್ಸ್‌ನ ಆಗಿನ ಜನಸಂಖ್ಯೆ ಒಂದು ಕೋಟಿ ಎಂಬತ್ತು ಲಕ್ಷದ ಆಸುಪಾಸು. ಬಾರದವರಲ್ಲಿ ಹೆಚ್ಚಿನವರು ಕೈಗಾರಿಕಾ ನಗರಗಳ ಕಾರ್ಮಿಕರು. ಅದಕ್ಕೊಂದು ಕಾರಣ ಕಣ್ಣೆದುರೇ ಇತ್ತು. ಅನೇಕ ಚರ್ಚುಗಳಲ್ಲಿ ಬೆಂಚುಗಳನ್ನು ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಹಣ ಕೊಟ್ಟವರಿಗೆ ಮುಂದಿನ ಸಾಲು, ಬಾಗಿಲಿದ್ದ ಮರದ ಗೂಡು, ಕೂರಲು ಮೆತ್ತೆ. ಬಡವರಿಗೆ ಹಿಂದುಗಡೆ ಅಥವಾ ಗೋಡೆ ಪಕ್ಕದಲ್ಲಿ ‘ಉಚಿತ’ ಎಂದು ಬರೆದ ಬರಿ ಹಲಗೆ. ಹರಿದ ಕೋಟಿನಲ್ಲಿ ಬಂದು ಊರಿನ ಮಾಲೀಕನ ಬೆನ್ನು ನೋಡುತ್ತ ಕೂರಲು ಮನಸ್ಸಾಗದೆ ಮನೆಯಲ್ಲೇ ಉಳಿದವನನ್ನು ನಾಸ್ತಿಕ ಎನ್ನಲಾಗದು. ಅವನು ಮಗುವಿಗೆ ದೀಕ್ಷಾಸ್ನಾನ ಕೊಡಿಸುತ್ತಿದ್ದ, ಭಾನುವಾರ ಮಧ್ಯಾಹ್ನ ಮಕ್ಕಳನ್ನು ಸಂಡೇ ಸ್ಕೂಲಿಗೆ ಕಳುಹಿಸುತ್ತಿದ್ದ, ಸತ್ತಾಗ ಪಾದ್ರಿಯೇ ಬರಬೇಕು ಎನ್ನುತ್ತಿದ್ದ.

ಈ ಸಂಡೇ ಸ್ಕೂಲೇ ಇಡೀ ಕಥೆಯ ಕೀಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಗ್ಲಾಸ್ಟರಿನ ಪತ್ರಿಕಾ ಸಂಪಾದಕ ರಾಬರ್ಟ್ ರೇಕ್ಸ್ 1780ರಲ್ಲಿ ಶುರುಮಾಡಿ ಹೆಸರುವಾಸಿಯಾಗಿಸಿದ ಈ ಶಾಲೆಗಳಲ್ಲಿ ವಾರವಿಡೀ ಕಾರ್ಖಾನೆಯಲ್ಲಿ ದುಡಿಯುವ ಮಕ್ಕಳು ಅಕ್ಷರ ಕಲಿತರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸಂಡೇ ಸ್ಕೂಲಿಗೆ ಹೋಗುತ್ತಿದ್ದರು. ಅಪ್ಪ ಅಮ್ಮ ಚರ್ಚಿಗೆ ಹೋಗದಿದ್ದರೂ ಮಕ್ಕಳಿಗೆ ಬೈಬಲಿನ ಕಥೆ, ಕೀರ್ತನೆ, ಪರಲೋಕ ಪ್ರಾರ್ಥನೆ ಬಾಯಿಪಾಠವಾಗುತ್ತಿದ್ದದ್ದು ಹೀಗೆ. ಎರಡನೇ ಮಹಾಯುದ್ಧದ ನಂತರ ಈ ಶಾಲೆಗಳು ಸೊರಗುತ್ತ ಬಂದು, ಎಪ್ಪತ್ತರ ದಶಕದ ಹೊತ್ತಿಗೆ ಬಹುಪಾಲು ಮಕ್ಕಳ ಬದುಕಿನಿಂದ ಮಾಯವಾಗಿದ್ದವು. ಹಿರಿಯರು ಇನ್ನೂ ಬೆಂಚಿನಲ್ಲಿದ್ದರು, ಆದ್ದರಿಂದ ಯಾರಿಗೂ ಗಾಬರಿಯಾಗಲಿಲ್ಲ.

ಸ್ಕಾಟ್ಲೆಂಡಿನ ಇತಿಹಾಸಕಾರ ಕ್ಯಾಲಮ್ ಬ್ರೌನ್ 2001ರಲ್ಲಿ ಪ್ರಕಟಿಸಿದ ಪುಸ್ತಕ ಈ ಚರ್ಚೆಯ ದಿಕ್ಕನ್ನೇ ಬದಲಿಸಿತು. ಕೈಗಾರಿಕೀಕರಣದಿಂದ ನೂರೈವತ್ತು ವರ್ಷ ನಿಧಾನವಾಗಿ ಇಳಿದು ಬಂದ ನಂಬಿಕೆಯ ಕಥೆಯನ್ನು ಅವರು ಒಪ್ಪುವುದಿಲ್ಲ. 1950ರ ದಶಕದಲ್ಲಿ ಬ್ರಿಟನ್ನಿನ ಚರ್ಚುಗಳು ಚೇತರಿಸಿಕೊಳ್ಳುತ್ತಿದ್ದವು. 1954ರಲ್ಲಿ ಅಮೆರಿಕದ ಪ್ರಚಾರಕ ಬಿಲ್ಲಿ ಗ್ರಹಾಂ ಲಂಡನ್ನಿನ ಹ್ಯಾರಿಂಗೇ ಅರೀನಾದಲ್ಲಿ ಹನ್ನೆರಡು ವಾರ ಸಭೆ ನಡೆಸಿದಾಗ ಜನ ಕಿಕ್ಕಿರಿದಿದ್ದರು. ಬಿರುಕು ಬಿಟ್ಟದ್ದು 1963ರ ಆಸುಪಾಸಿನಲ್ಲಿ, ಅದೂ ಹಠಾತ್ತನೆ. ಬಿರುಕು ಬಿಟ್ಟ ಜಾಗ ಹೆಣ್ಣಿನ ಬದುಕು ಎನ್ನುತ್ತಾರೆ ಬ್ರೌನ್. ಮನೆಯಲ್ಲಿ ಪ್ರಾರ್ಥನೆ ಹೇಳಿಕೊಟ್ಟವಳು, ಭಾನುವಾರದ ಬಟ್ಟೆ ಇಸ್ತ್ರಿ ಮಾಡಿದವಳು, ಗಂಡನನ್ನು ಎಬ್ಬಿಸಿ ಕಳುಹಿಸಿದವಳು ಅವಳೇ. ಒಳ್ಳೆಯ ಹೆಂಗಸು ಎಂದರೆ ಭಕ್ತೆ ಎಂಬ ಸಮೀಕರಣ ಮುರಿದಾಗ ಈ ಕೆಲಸಗಳನ್ನು ವಹಿಸಿಕೊಳ್ಳಲು ಬೇರೆ ಯಾರೂ ಇರಲಿಲ್ಲ.

ಈ ವಾದಕ್ಕೆ ಟೀಕೆಗಳಿವೆ, ಒಂದೇ ವರ್ಷಕ್ಕೆ ಇಷ್ಟು ಭಾರ ಹೊರಿಸಲಾಗದು. ಆದರೂ ಸಭೆಗಳು ಹೆಂಗಸರನ್ನು ನಡೆಸಿಕೊಂಡ ರೀತಿ ನೋಡಿದರೆ ಬ್ರೌನ್ ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಮೇರಿ ಸಮ್ನರ್ 1876ರಲ್ಲಿ ಕಟ್ಟಿದ ಮದರ್ಸ್ ಯೂನಿಯನ್ ಇಂಗ್ಲೆಂಡಿನ ಪ್ಯಾರಿಷ್‌ಗಳ ಬೆನ್ನೆಲುಬು. ಚಹಾ ಕೂಟದಿಂದ ಬಾಣಂತಿಯ ಆರೈಕೆಯವರೆಗೆ ಎಲ್ಲವೂ ಅದರ ಹೆಂಗಸರ ಕೈಯಲ್ಲಿತ್ತು. 1970ರ ದಶಕದವರೆಗೂ ವಿಚ್ಛೇದಿತೆಗೆ ಅದರಲ್ಲಿ ಸದಸ್ಯತ್ವ ಇರಲಿಲ್ಲ. ಕ್ಯಾಥೋಲಿಕರ ಕಡೆ 1968ರಲ್ಲಿ ಆರನೇ ಪೌಲ್ ಪೋಪ್ ಕೃತಕ ಗರ್ಭನಿರೋಧವನ್ನು ಮತ್ತೆ ನಿಷೇಧಿಸಿದರು. ಎರಡನೇ ವ್ಯಾಟಿಕನ್ ಮಹಾಸಭೆಯ ಸುಧಾರಣೆ ನೋಡಿ ಸಡಿಲಿಕೆ ನಿರೀಕ್ಷಿಸಿದ್ದ ಲಕ್ಷಾಂತರ ತಾಯಂದಿರು ಪೂಜೆಗೆ ಹೋಗುತ್ತಲೇ ಆ ಆಜ್ಞೆಯನ್ನು ಮೀರಿದರು. ಒಮ್ಮೆ ಮೀರಿದ ಮೇಲೆ ಉಳಿದ ಆಜ್ಞೆಗಳ ತೂಕವೂ ಇಳಿಯಿತು.

ಸಮಾಜಶಾಸ್ತ್ರಜ್ಞರಲ್ಲಿ ಜಗಳ ದೊಡ್ಡದು. ಗ್ರೇಸ್ ಡೇವಿ 1994ರಲ್ಲಿ, ಬ್ರಿಟಿಷರು ಚರ್ಚಿಗೆ ಸೇರುವುದನ್ನು ಬಿಟ್ಟಿದ್ದಾರೆ, ನಂಬುವುದನ್ನಲ್ಲ ಎಂದು ವಾದಿಸಿದರು. ಈ ಮಾತು ಪಾದ್ರಿಗಳಿಗೆ ಬಹಳ ಹಿಡಿಸಿತು. ಆದರೆ ಡೇವಿಡ್ ವೋಯಾಸ್ ಮತ್ತು ಅಲಾಸ್ಡೇರ್ ಕ್ರಾಕೆಟ್ 2005ರಲ್ಲಿ ಸಮೀಕ್ಷೆಗಳ ಅಂಕಿ ಜಾಲಾಡಿ ತೋರಿಸಿದ್ದು ಬೇರೆ: ನಂಬಿಕೆಯೂ ಹಾಜರಾತಿಯೂ ಜೊತೆಜೊತೆಗೇ ಇಳಿಯುತ್ತಿವೆ, ಇಳಿಯುತ್ತಿರುವುದು ತಲೆಮಾರಿನಿಂದ ತಲೆಮಾರಿಗೆ. ತಂದೆ ತಾಯಿ ಇಬ್ಬರೂ ಧರ್ಮಶ್ರದ್ಧೆ ಉಳ್ಳವರಾಗಿದ್ದರೆ ಮಗು ಅದನ್ನು ಉಳಿಸಿಕೊಳ್ಳುವ ಸಂಭವ ಸುಮಾರು ಅರ್ಧ. ಒಬ್ಬರಿಗೆ ಮಾತ್ರ ಶ್ರದ್ಧೆಯಿದ್ದರೆ ಕಾಲು ಭಾಗ. ಇಬ್ಬರಿಗೂ ಇಲ್ಲದಿದ್ದರೆ ಇಲ್ಲವೇ ಇಲ್ಲ ಎನ್ನುವಷ್ಟು. ಜನ ವಯಸ್ಸಾದಂತೆ ಚರ್ಚಿಗೆ ಮರಳುತ್ತಾರೆ ಎಂಬ ಸಮಾಧಾನಕ್ಕೂ ಅಂಕಿಗಳಲ್ಲಿ ಆಧಾರ ಸಿಗಲಿಲ್ಲ. ಇಪ್ಪತ್ತರಲ್ಲಿ ಹೊರಗಿದ್ದವರು ಅರವತ್ತರಲ್ಲೂ ಹೊರಗೇ ಇರುತ್ತಾರೆ.

ನನ್ನ ಮಟ್ಟಿಗೆ ಈ ಸಂಶೋಧನೆ ಉಳಿದೆಲ್ಲ ಸಿದ್ಧಾಂತಗಳಿಗಿಂತ ಹೆಚ್ಚು ವಿವರಿಸುತ್ತದೆ. ಯುರೋಪಿನ ಜನಸಾಮಾನ್ಯರು ವಾದದಲ್ಲಿ ಸೋತು ದೇವರನ್ನು ಬಿಡಲಿಲ್ಲ. ಅವರಲ್ಲಿ ಅನೇಕರಿಗೆ ಬಿಡಲು ಏನೂ ಇರಲಿಲ್ಲ, ಯಾಕೆಂದರೆ ಯಾರೂ ಅವರ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಒಂದು ಮನೆಮಾತು ಮೂರು ತಲೆಮಾರಿನಲ್ಲಿ ಅಳಿಯುವ ರೀತಿಯೇ ಇದು: ಅಜ್ಜಿ ಆಡುತ್ತಾಳೆ, ಅಮ್ಮನಿಗೆ ಅರ್ಥವಾಗುತ್ತದೆ, ಮಗುವಿಗೆ ಕೇಳಿಯೂ ಗೊತ್ತಿಲ್ಲ.

ಇನ್ನೊಂದು ಎಳೆಯನ್ನೂ ಸೇರಿಸಬೇಕು. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2004ರಲ್ಲಿ ಮುಂದಿಟ್ಟ ವಾದದಂತೆ, ಹಸಿವು, ರೋಗ, ಅಕಾಲ ಮರಣದ ಭಯ ಕಡಿಮೆಯಾದ ಸಮಾಜಗಳಲ್ಲಿ ಧರ್ಮದ ಹಿಡಿತ ಸಡಿಲವಾಗುತ್ತದೆ. ಬ್ಲೈನೌ ಗ್ವೆಂಟ್‌ಗೆ ಮರಳಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿನ ಟ್ರೆಡೀಗರ್ ಊರಿನ ಗಣಿ ಕಾರ್ಮಿಕರು ಕೂಲಿಯಲ್ಲಿ ಅಷ್ಟಿಷ್ಟು ಕೂಡಿಸಿ ತಮ್ಮದೇ ವೈದ್ಯಕೀಯ ಸಂಘ ನಡೆಸುತ್ತಿದ್ದರು. ಅದೇ ಊರಿನ ಗಣಿ ಕಾರ್ಮಿಕನ ಮಗ ಅನೈರಿನ್ ಬೆವನ್, 1948ರಲ್ಲಿ ಆರೋಗ್ಯ ಮಂತ್ರಿಯಾಗಿ ಬ್ರಿಟನ್ನಿನ ಉಚಿತ ಆರೋಗ್ಯ ಸೇವೆ ಆರಂಭಿಸಿದರು. ಮಂದಿರ, ಕಾರ್ಮಿಕ ಸಂಘ, ಗಾನವೃಂದ, ರಗ್ಬಿ ತಂಡ ಇವೆಲ್ಲ ಗಣಿಯ ಸುತ್ತ ಹೆಣೆದುಕೊಂಡಿದ್ದ ಒಂದೇ ಬದುಕು. ಅನಾರೋಗ್ಯದ ಹೊರೆ ಸರ್ಕಾರ ಹೊತ್ತಿತು. 1984-85ರ ಮುಷ್ಕರ ಸೋತ ಮೇಲೆ ಗಣಿಗಳೂ ಒಂದೊಂದಾಗಿ ಮುಚ್ಚಿದವು. ದುಡಿಯುವ ವಯಸ್ಸಿನವರು ಬೇರೆ ಊರು ಹಿಡಿದರು. ಮಂದಿರಕ್ಕೆ ಬರುತ್ತಿದ್ದವರು ದೇವರಿಗಾಗಿ ಎಷ್ಟು ಬರುತ್ತಿದ್ದರೋ ಒಬ್ಬರಿಗೊಬ್ಬರು ಸಿಗಲೆಂದೂ ಅಷ್ಟೇ ಬರುತ್ತಿದ್ದರು. ಆ ‘ಒಬ್ಬರಿಗೊಬ್ಬರು’ ಚದುರಿದ ಮೇಲೆ ಕಟ್ಟಡ ಉಳಿದು ಪ್ರಯೋಜನವಿರಲಿಲ್ಲ. ಜೊತೆಗೆ 1994ರ ಕಾನೂನು ಇಂಗ್ಲೆಂಡ್-ವೇಲ್ಸ್‌ನಲ್ಲಿ ದೊಡ್ಡ ಅಂಗಡಿಗಳಿಗೆ ಭಾನುವಾರವೂ ಬಾಗಿಲು ತೆರೆಯಲು ಬಿಟ್ಟಿತು. ಮಕ್ಕಳ ಫುಟ್‌ಬಾಲ್ ಪಂದ್ಯ, ಅಂಗಡಿಯ ಪಾಳಿ, ವಿಚ್ಛೇದಿತ ತಂದೆಯ ಜೊತೆ ಕಳೆಯುವ ವಾರಾಂತ್ಯ ಎಲ್ಲವೂ ಆ ಒಂದೇ ಬೆಳಗಿಗೆ ಪೈಪೋಟಿ ನಡೆಸಿದವು.

ಐರ್ಲೆಂಡಿನ ಕಥೆ ಬೇರೆಯೇ, ಅದನ್ನು ಬರೆಯುವಾಗ ಸಂಕಟವಾಗುತ್ತದೆ. 1970ರ ದಶಕದ ಆರಂಭದಲ್ಲಿ ಅಲ್ಲಿನ ಕ್ಯಾಥೋಲಿಕರಲ್ಲಿ ಶೇ. 90ಕ್ಕೂ ಹೆಚ್ಚು ಜನ ವಾರವಾರ ಪೂಜೆಗೆ ಹೋಗುತ್ತಿದ್ದರು. 1979ರಲ್ಲಿ ಎರಡನೇ ಜಾನ್ ಪೌಲ್ ಪೋಪ್ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಪೂಜೆ ಅರ್ಪಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಗರ್ಭನಿರೋಧಕಗಳನ್ನು ಮಾರುವುದು ಆ ವರ್ಷದ ಕಾನೂನು ಬರುವವರೆಗೂ ಅಲ್ಲಿ ಅಪರಾಧ. 1990ರ ದಶಕದಿಂದ ಒಂದೊಂದೇ ಮುಚ್ಚಳ ತೆರೆಯಿತು. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯ, ಅದನ್ನು ಬಿಷಪರು ಮುಚ್ಚಿಟ್ಟ ರೀತಿ, ಧಾರ್ಮಿಕ ಸಂಘಗಳು ನಡೆಸಿದ ಶಾಲೆಗಳ ಕ್ರೌರ್ಯ 2009ರ ರಯನ್ ಮತ್ತು ಮರ್ಫಿ ವರದಿಗಳಲ್ಲಿ ದಾಖಲಾದವು. ‘ಬಿದ್ದ ಹೆಣ್ಣು’ಗಳೆಂದು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಕೊನೆಯದು ಮುಚ್ಚಿದ್ದು 1996ರಲ್ಲಿ. ಟ್ಯೂಮ್ ಎಂಬ ಊರಿನ ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್, ಅಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಅವಿವಾಹಿತ ತಾಯಂದಿರ ಆಶ್ರಮದಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ಹುಡುಕಿ ತೆಗೆದರು. ಆ ಮಕ್ಕಳನ್ನು ಎಲ್ಲಿ ಹೂಳಲಾಯಿತೆಂಬ ದಾಖಲೆಯೇ ಇರಲಿಲ್ಲ.

ಈ ಕಥೆಯಲ್ಲಿ ಬೆಳಗಾವಿಯ ಹೆಣ್ಣುಮಗಳೊಬ್ಬಳ ಹೆಸರಿದೆ. ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಗಾಲ್ವೇಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ ವಯಸ್ಸು 31. ಹದಿನೇಳು ವಾರದ ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾಗಿತ್ತು. ಗರ್ಭ ತೆಗೆಯಿರಿ ಎಂದು ಕೇಳಿಕೊಂಡರೂ, ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ನಿರಾಕರಿಸಲಾಯಿತು. ಸೋಂಕು ರಕ್ತಕ್ಕೇರಿತು. ಇದು ಕ್ಯಾಥೋಲಿಕ್ ದೇಶ ಎಂದು ತಾನು ಅವರಿಗೆ ಹೇಳಿದ್ದು ನಿಜ ಎಂದು ಸೂಲಗಿತ್ತಿಯೊಬ್ಬರು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. 2018ರ ಮೇ 25ರಂದು ಗರ್ಭಪಾತ ನಿಷೇಧದ ತಿದ್ದುಪಡಿಯನ್ನು ರದ್ದುಮಾಡಲು ಐರಿಷ್ ಜನ ಶೇ. 66 ಮತ ಕೊಟ್ಟರು. ಡಬ್ಲಿನ್ನಿನ ಗೋಡೆಯೊಂದರ ಮೇಲೆ ಸವಿತಾ ಚಿತ್ರ ಬರೆಯಲಾಗಿತ್ತು. ಜನ ಸಾಲಾಗಿ ಬಂದು ಅದರ ಸುತ್ತ ಚೀಟಿ ಅಂಟಿಸಿದರು. ಅನೇಕ ಚೀಟಿಗಳಲ್ಲಿ ಇದ್ದದ್ದು ಕ್ಷಮೆಯ ಮಾತು. ಐರ್ಲೆಂಡಿನಲ್ಲಿ ಕ್ಯಾಥೋಲಿಕರೆಂದು ಹೇಳಿಕೊಳ್ಳುವವರು 2022ರಲ್ಲೂ ಶೇ. 69ರಷ್ಟಿದ್ದಾರೆ. ಹೆಸರು ಉಳಿದಿದೆ, ಯಾವುದನ್ನು ಪಾಪ ಎನ್ನಬೇಕೆಂದು ಹೇಳುವ ಅಧಿಕಾರ ಪೀಠದ ಕೈಜಾರಿದೆ. ಬೇರೆಡೆ ನಂಬಿಕೆ ತಾನಾಗಿ ಬತ್ತಿತು, ಇಲ್ಲಿ ಅದನ್ನು ಕಾಯಬೇಕಾದವರೇ ಕೊಂದರು.

ಜರ್ಮನಿಯಲ್ಲಿ ಚರ್ಚು ಬಿಡುವುದಕ್ಕೊಂದು ಕಚೇರಿಯಿದೆ. ಸದಸ್ಯರ ಆದಾಯ ತೆರಿಗೆಯ ಮೇಲೆ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಸರ್ಕಾರವೇ ವಸೂಲಿ ಮಾಡಿ ಸಭೆಗಳಿಗೆ ಕೊಡುತ್ತದೆ. ಬೇಡವೆಂದರೆ ಸರ್ಕಾರಿ ಕಚೇರಿಗೆ ಹೋಗಿ ಸದಸ್ಯತ್ವ ತ್ಯಜಿಸಬೇಕು. 2022 ಒಂದೇ ವರ್ಷದಲ್ಲಿ ಕ್ಯಾಥೋಲಿಕ್ ಸಭೆಯೊಂದನ್ನೇ 5.2 ಲಕ್ಷ ಜನ ಹೀಗೆ ಬಿಟ್ಟರು. ತೆರಿಗೆ ಒಂದು ನೆಪ, ದೌರ್ಜನ್ಯದ ವರದಿಗಳು ಇನ್ನೊಂದು ಕಾರಣ. ಆದರೆ ಮೊದಲ ಸಂಬಳದ ಚೀಟಿ ನೋಡಿದ ಯುವಕನಿಗೆ ‘ಇದು ನನಗೇನು ಕೊಟ್ಟಿದೆ’ ಎಂಬ ಪ್ರಶ್ನೆ ಏಳುವುದೇ, ಅದು ಅವನಿಗೆ ಬಾಲ್ಯದಲ್ಲಿ ಏನನ್ನೂ ಕೊಟ್ಟಿರದಿದ್ದಾಗ.

ಕನ್ನಡಿಗರಿಗೆ ಈ ಭೂಭಾಗ ಪರಕೀಯವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜನರಲ್ಲಿ ಬಹುಪಾಲು ಸ್ವಿಟ್ಜರ್ಲೆಂಡ್ ಮತ್ತು ವುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದ ಮನೆಗಳವರು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್ ವುರ್ಟೆಂಬರ್ಗಿನವರು. 1894ರಲ್ಲಿ ನಿಘಂಟು ಮುಗಿಸಿದ ಕಿಟೆಲ್ ಉತ್ತರ ಜರ್ಮನಿಯ ಪಾದ್ರಿಯ ಮಗ. ಮನೆಮನೆಯಲ್ಲಿ ಬೈಬಲ್ ಓದಿ, ದುಡ್ಡು ಕೂಡಿಟ್ಟು, ಮಕ್ಕಳನ್ನು ಸಾವಿರಾರು ಮೈಲಿ ದೂರಕ್ಕೆ ಕಳುಹಿಸಿದ ಆ ನೆಲದ ಭಕ್ತಿಯ ಕಾವು ಎಷ್ಟಿತ್ತೆಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ಸ್ವಿಟ್ಜರ್ಲೆಂಡಿನಲ್ಲಿ 2022ರಲ್ಲಿ ಯಾವ ಧರ್ಮಕ್ಕೂ ಸೇರದವರು ಮೊದಲ ಬಾರಿಗೆ ಕ್ಯಾಥೋಲಿಕರನ್ನೂ ಪ್ರಾಟೆಸ್ಟಂಟರನ್ನೂ ಹಿಂದಿಕ್ಕಿ ದೇಶದ ಅತಿ ದೊಡ್ಡ ಗುಂಪಾದರು. ಬಾಸೆಲ್ ನಗರದಲ್ಲಂತೂ ಅವರೇ ಅರ್ಧಕ್ಕಿಂತ ಹೆಚ್ಚು. ಜರ್ಮನಿಯ ಕ್ಯಾಥೋಲಿಕ್ ಇಗರ್ಜಿಗಳಲ್ಲಿ ನೂರಾರು ಭಾರತೀಯ ಪಾದ್ರಿಗಳು ಪೂಜೆ ಹೇಳುತ್ತಿದ್ದಾರೆ. ಮನೆಗೊಬ್ಬರಂತೆ ಪಾದ್ರಿಯನ್ನೋ ಸಿಸ್ಟರನ್ನೋ ಕೊಟ್ಟ ನಮ್ಮ ಕರಾವಳಿಯ ಕುಟುಂಬಗಳಲ್ಲೂ ಈಗ ಒಂದೆರಡೇ ಮಕ್ಕಳು. ಈ ಸಾಲ ಎಷ್ಟು ದಿನ ನಡೆಯುತ್ತದೋ ಕಾದು ನೋಡಬೇಕು.

ಅಮೆರಿಕ ಇದಕ್ಕೆ ಅಪವಾದ ಎಂದು ದಶಕಗಳ ಕಾಲ ಹೇಳುತ್ತಿದ್ದರು. ಪ್ಯೂ ಸಂಸ್ಥೆಯ ಸಮೀಕ್ಷೆಗಳಂತೆ ಅಲ್ಲಿ ಕ್ರೈಸ್ತರು 2007ರಲ್ಲಿ ಶೇ. 78 ಇದ್ದವರು 2023-24ಕ್ಕೆ ಶೇ. 62ಕ್ಕೆ ಇಳಿದಿದ್ದಾರೆ, ಕೊನೆಯ ಕೆಲವು ವರ್ಷ ಆ ಇಳಿತ ನಿಂತಂತಿದೆ. ಧರ್ಮವನ್ನು ಒಂದು ಪಕ್ಷದ ರಾಜಕಾರಣಕ್ಕೆ ಕಟ್ಟಿಹಾಕಿದ್ದು ಆ ಪಕ್ಷವನ್ನು ಒಲ್ಲದ ಯುವಜನರನ್ನು ಚರ್ಚಿನಿಂದಲೇ ದೂರ ಮಾಡಿತು ಎಂಬ ವಾದ ನನಗೆ ಸರಿಯೆನಿಸುತ್ತದೆ. ಜಗತ್ತಿನ ಮಟ್ಟದಲ್ಲಿ ಕ್ರೈಸ್ತರು ಇಂದಿಗೂ 230 ಕೋಟಿ. ಅವರಲ್ಲಿ ಯುರೋಪಿನವರಿಗಿಂತ ಸಹಾರಾದ ದಕ್ಷಿಣದ ಆಫ್ರಿಕದವರೇ ಹೆಚ್ಚು.

ಖಾಲಿಯಾದ ಕಟ್ಟಡಗಳ ಬಗ್ಗೆ ಬರೆಯುವವರು ಬ್ರಿಸ್ಟಲ್ಲಿನಲ್ಲಿ ಚರ್ಚೊಂದು ಸರ್ಕಸ್ ಶಾಲೆಯಾದದ್ದನ್ನು, ಇನ್ನೊಂದರಲ್ಲಿ ಬಂಡೆ ಹತ್ತುವ ತರಬೇತಿ ನಡೆಯುವುದನ್ನು, ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಹದಿಮೂರನೇ ಶತಮಾನದ ಡೊಮಿನಿಕನ್ ಚರ್ಚು ಪುಸ್ತಕದಂಗಡಿಯಾದದ್ದನ್ನು ಉದಾಹರಿಸುತ್ತಾರೆ. ಕಲ್ಲಿನ ಗೋಡೆಗೆ ಹೊಸ ಉಪಯೋಗ ಸಿಗುತ್ತದೆ. ನನಗೆ ಚಿಂತೆ ಇರುವುದು ಗೋಡೆಯೊಳಗೆ ನಡೆಯುತ್ತಿದ್ದ ಕೆಲಸದ ಬಗ್ಗೆ. ಬ್ರಿಟನ್ನಿನ ಅಸಂಖ್ಯ ಆಹಾರ ವಿತರಣಾ ಕೇಂದ್ರಗಳು ಇಂದಿಗೂ ಚರ್ಚಿನ ಸಭಾಂಗಣಗಳಲ್ಲಿ, ಎಪ್ಪತ್ತು ದಾಟಿದ ಹೆಂಗಸರ ಕೈಗಳಿಂದ ನಡೆಯುತ್ತಿವೆ. ಒಂಟಿ ಮುದುಕನ ಬಾಗಿಲು ತಟ್ಟಿ ಕೇಳುವವರು, ಶವದ ಮುಂದೆ ನಿಂತು ಹೇಳಬೇಕಾದ ಮಾತು ಗೊತ್ತಿರುವವರು, ಬಡವನೂ ಶ್ರೀಮಂತನೂ ಒಂದೇ ರಾಗದಲ್ಲಿ ಹಾಡುವ ಜಾಗ, ಇವಕ್ಕೆ ಬದಲಿಯಾಗಿ ಪಶ್ಚಿಮ ಇನ್ನೂ ಏನನ್ನೂ ಕಟ್ಟಿಲ್ಲ. ನಂಬಿಕೆ ಇರಲಿ ಬಿಡಲಿ, ಇದನ್ನು ನಷ್ಟವೆಂದು ಒಪ್ಪಿಕೊಳ್ಳಬೇಕು.

ಇತ್ತೀಚೆಗೆ ಬ್ರಿಟನ್ನಿನ ಯುವಜನರು ಮತ್ತೆ ಚರ್ಚಿಗೆ ಬರುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. 2025ರಲ್ಲಿ ಬೈಬಲ್ ಸೊಸೈಟಿಯ ವರದಿಯೊಂದು ಹಾಗೆ ಹೇಳಿತ್ತು. ಅದು ಆನ್‌ಲೈನ್ ಸಮೀಕ್ಷೆಯನ್ನು ನೆಚ್ಚಿಕೊಂಡ ಲೆಕ್ಕ. ವೋಯಾಸ್ ಸೇರಿದಂತೆ ಹಲವರು ಇದನ್ನು ಒಪ್ಪಿಲ್ಲ, ಶಾಸ್ತ್ರೀಯ ಮಾದರಿಯ ಸಮೀಕ್ಷೆಗಳಲ್ಲಿ ಅಂಥ ಏರಿಕೆ ಕಾಣುತ್ತಿಲ್ಲ. ಕಣ್ಣಿಗೆ ಕಾಣುವ ಏರಿಕೆ ಬೇರೆ ಕಡೆಯಿಂದ ಬಂದಿದೆ. ಲಂಡನ್ನಿನ ಹಾಜರಾತಿ 2005ರಲ್ಲಿ 6.2 ಲಕ್ಷವಿದ್ದದ್ದು 2012ಕ್ಕೆ 7.2 ಲಕ್ಷಕ್ಕೇರಿತ್ತು. ಅದಕ್ಕೆ ಬಹುಮಟ್ಟಿಗೆ ಕಾರಣ ನೈಜೀರಿಯ, ಘಾನಾ, ಕೆರಿಬಿಯನ್, ಪೋಲೆಂಡ್ ಮುಂತಾದೆಡೆಯಿಂದ ಬಂದ ಕುಟುಂಬಗಳು.

ಇಂಗ್ಲೆಂಡಿನ ಪ್ರೆಸ್ಟನ್ ನಗರದಲ್ಲಿ ಹತ್ತೊಂಬತ್ತನೇ ಶತಮಾನದ ಸಂತ ಇಗ್ನೇಷಿಯಸ್ ಇಗರ್ಜಿ 2014ರಲ್ಲಿ ಜನರಿಲ್ಲದೆ ಮುಚ್ಚಿತು. ಅದನ್ನು ಕೇರಳ ಮೂಲದ ಸೀರೋ ಮಲಬಾರ್ ಸಮುದಾಯಕ್ಕೆ ಕೊಟ್ಟರು. 2016ರಲ್ಲಿ ಬ್ರಿಟನ್ನಿನ ಸೀರೋ ಮಲಬಾರ್ ಧರ್ಮಪ್ರಾಂತ್ಯ ಸ್ಥಾಪನೆಯಾದಾಗ ಅದು ಸಂತ ಅಲ್ಫೋನ್ಸಾ ಹೆಸರಿನ ಕ್ಯಾಥೆಡ್ರಲ್ ಆಯಿತು. ಆ ಧರ್ಮಪ್ರಾಂತ್ಯದ ಕುಟುಂಬಗಳಲ್ಲಿ ನರ್ಸುಗಳು ಬಹಳ. ರಾತ್ರಿಪಾಳಿ ಮುಗಿಸಿಯೂ ಮಕ್ಕಳನ್ನು ಧರ್ಮೋಪದೇಶಕ್ಕೆ ಕರೆತರುತ್ತಾರೆ. ವೋಯಾಸ್ ಲೆಕ್ಕದ ನಿಜವಾದ ಪರೀಕ್ಷೆ ಇವರದು. ಮಕ್ಕಳು ಮಲಯಾಳದ ಪೂಜೆಯಲ್ಲಿ ಕೂರುತ್ತಾರೆ, ಸೋಮವಾರ ಬೆಳಿಗ್ಗೆ ತಮ್ಮ ವಯಸ್ಸಿನ ಬಹುಪಾಲು ಮಂದಿ ಒಮ್ಮೆಯೂ ಚರ್ಚಿಗೆ ಹೋಗದ ಶಾಲೆಗೆ ಹೋಗುತ್ತಾರೆ, ನಾಳೆ ಅಂಥವರಲ್ಲೇ ಒಬ್ಬರನ್ನು ಮದುವೆಯಾಗಲೂಬಹುದು. ಅಲ್ಲಿನ ಮುಂದಿನ ಜನಗಣತಿ 2031ಕ್ಕೆ ನಿಗದಿಯಾಗಿದೆ. ಕಳೆದ ಸಲ ಈ ಮಕ್ಕಳ ಧರ್ಮದ ಅಂಕಣವನ್ನು ತಂದೆ ತಾಯಿ ತುಂಬಿದ್ದರು. ಮುಂದಿನ ಸಲ ಈ ಮಕ್ಕಳಲ್ಲಿ ಎಷ್ಟೋ ಮಂದಿ ಅದನ್ನು ತಾವೇ ತುಂಬಲಿದ್ದಾರೆ.